ಎರಡು ಬಿಲ್ಲು ಮಾಡಿದರೆ ಬೆಲೆ ಎರಡಾಗುವುದಿಲ್ಲ

ಸಾಗಣೆಗೆ ಒಂದು ಬಿಲ್ಲು, ಪ್ಯಾಕಿಂಗಿಗೆ ಇನ್ನೊಂದು ಬಿಲ್ಲು, ಮಾಲಿಗೆ ಮಾತ್ರ ತೆಳ್ಳಗಿನದೊಂದು ಬಿಲ್ಲು ಮಾಡಿ, ಆ ತೆಳ್ಳಗಿನ ಬಿಲ್ಲಿನ ಮೇಲೆ ತೆರಿಗೆ ಕಟ್ಟಿದರೆ ಸಾಕೆಂಬ ನಂಬಿಕೆ ನಮ್ಮ ಜಿಲ್ಲೆಯ ಸಣ್ಣ ಕಾರ್ಖಾನೆಗಳ ಮಾಲೀಕರಲ್ಲಿ ಬಹಳ ಗಟ್ಟಿಯಾಗಿದೆ. ಕಾರವಾರದಿಂದ ಭಟ್ಕಳದವರೆಗೂ ಅದೇ, ಘಟ್ಟ ಹತ್ತಿ ಶಿರಸಿಗೆ ಹೋದರೂ ಅದೇ. ನೋಟಿಸು ಕೈಗೆ ಬಂದ ಮೇಲೂ ಅವರು ನನ್ನೆದುರು ಕುಳಿತು ಕೇಳುವುದು, "ಬಿಲ್ಲು ಬೇರೆ ಬೇರೆ ಇದೆಯಲ್ಲ ಮಾರಾಯರೇ, ಆದರೂ ಯಾಕೆ ಹೀಗೆ?" ಎಂದು. ಬಿಲ್ಲು ಬೇರೆ ಇರುವುದು ನಿಜ. ಆದರೆ ನ್ಯಾಯಾಲಯ ನೋಡುವುದು ಬಿಲ್ಲುಗಳ ಸಂಖ್ಯೆಯನ್ನಲ್ಲ, ಕೊಳ್ಳುವವನು ಆ ಮಾಲಿಗಾಗಿ ಒಟ್ಟು ಏನು ಕೊಟ್ಟ, ಎಲ್ಲಿ ತಲುಪಿಸುವ ಮಾತಿನ ಮೇಲೆ ಕೊಟ್ಟ ಎಂಬುದನ್ನು. ಇದೊಂದನ್ನು ನಾನು ಎಷ್ಟು ಸಲ ಹೇಳಿದರೂ ಮುಂದಿನ ಕಂತಿನ ರಿಟರ್ನ್ ಹೊತ್ತಿಗೆ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ.

ಈ ನಂಬಿಕೆ ಆಕಾಶದಿಂದ ಉದುರಿದ್ದಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಅದರ ಬೇರು ಕೇಂದ್ರ ಅಬಕಾರಿ ಸುಂಕದ, ಅಂದರೆ ಕಾರ್ಖಾನೆಯಲ್ಲಿ ತಯಾರಾದ ಮಾಲಿನ ಮೇಲೆ ಕೇಂದ್ರ ಸರಕಾರ ಹಾಕುತ್ತಿದ್ದ ತೆರಿಗೆಯ ಕಾಲದಲ್ಲಿದೆ. 1944ರ ಆ ಕಾಯ್ದೆಯ ಹೆಸರಿನಲ್ಲಿ ಮೊದಲು ಉಪ್ಪೂ ಇತ್ತು. ಸಾಣಿಕಟ್ಟೆಯ ಉಪ್ಪಿನ ಗದ್ದೆಗಳನ್ನು ನೋಡುತ್ತ ಬೆಳೆದ ನಮಗೆ ಅದೊಂದು ವಿಶೇಷ, ಉಳಿದವರಿಗೆ ಏನೂ ಅಲ್ಲ. ಕಾಯ್ದೆಯ 4ನೇ ಕಲಮು ತಯಾರಿಸಿದ ಮಾಲಿನ ಮೌಲ್ಯವನ್ನು ಹೇಗೆ ಗೊತ್ತುಮಾಡಬೇಕೆಂದು ಹೇಳುತ್ತಿತ್ತು. ಸುಂಕ ಬೀಳುವುದು ತಯಾರಿಕೆಯ ಮೇಲೆ, ಆದರೆ ಅದನ್ನು ಅಳೆಯುವುದು ಮಾರಾಟದ ಬೆಲೆಯಿಂದ. ನ್ಯಾಯಾಲಯಗಳಲ್ಲಿ ದಶಕಗಳ ಕಾಲ ನಡೆದ ವಾದವೆಲ್ಲ ಈ ಎರಡರ ನಡುವಿನ ಅಂತರದಲ್ಲೇ ಹುಟ್ಟಿದ್ದು.

ವೋಲ್ಟಾಸ್ ಪ್ರಕರಣದಲ್ಲಿ ಕಂಪನಿ ತನ್ನ ಏರ್ ಕಂಡಿಷನರ್ ಮತ್ತು ವಾಟರ್ ಕೂಲರ್‌ಗಳ ಬಹುಪಾಲನ್ನು ನೇರವಾಗಿ ಗ್ರಾಹಕರಿಗೆ ಮಾರುತ್ತಿತ್ತು. ಸಗಟು ವ್ಯಾಪಾರಿಗಳಿಗೆ ಹೋಗುತ್ತಿದ್ದದ್ದು ಸ್ವಲ್ಪ, ಅದೂ ಪಟ್ಟಿಯ ಬೆಲೆಯಲ್ಲಿ ಶೇ. 22 ಕಡಿತ ಮಾಡಿ. 1973ರಲ್ಲಿ ವರದಿಯಾದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಸಗಟು ಬೆಲೆಯೇ ಮೌಲ್ಯಕ್ಕೆ ಆಧಾರವೆಂದು ಹೇಳಿ, ಸುಂಕವು ತಯಾರಿಕಾ ವೆಚ್ಚ ಮತ್ತು ತಯಾರಿಕಾ ಲಾಭದ ಮೇಲೆ ಮಾತ್ರ, ಮಾರಾಟದ ಖರ್ಚು–ಲಾಭಗಳ ಮೇಲೆ ಅಲ್ಲ ಎಂದಿತು. ಇಷ್ಟು ಸಾಕಾಯಿತು. ದೇಶದ ತಯಾರಕರೆಲ್ಲ ಜಾಹೀರಾತು, ಗೋದಾಮು, ಮಾರಾಟ ಸಿಬ್ಬಂದಿಯ ಸಂಬಳ, ಮಾರಾಟೋತ್ತರ ಸೇವೆ, ಎಲ್ಲವನ್ನೂ ತಯಾರಿಕೆಯ ನಂತರದ ಖರ್ಚು ಎಂದು ಬೆಲೆಯಿಂದ ಕಳೆಯತೊಡಗಿದರು. 1983ರಲ್ಲಿ ಬಾಂಬೆ ಟೈರ್ ಇಂಟರ್‌ನ್ಯಾಷನಲ್ ಪ್ರಕರಣದ ತೀರ್ಪು ಬಂದು ಆ ಲೆಕ್ಕಾಚಾರವನ್ನು ಮುರಿಯಿತು. ತೆರಿಗೆ ಯಾವುದರ ಮೇಲೆ ಎಂಬುದು ಒಂದು ಪ್ರಶ್ನೆ, ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದು ಬೇರೆಯೇ ಪ್ರಶ್ನೆ, ಅಳತೆಗೋಲು ತಯಾರಿಕೆಯ ಗಡಿಗೇ ನಿಲ್ಲಬೇಕೆಂದಿಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಮಾಲಿಗೆ ಮಾರುಕಟ್ಟೆಯಲ್ಲಿ ಬೆಲೆ ತಂದುಕೊಡುವ ಖರ್ಚುಗಳು ಬೆಲೆಯೊಳಗೇ ಉಳಿದವು. ಹೊರಗೆ ಬಂದವುಗಳಲ್ಲಿ ಮುಖ್ಯವಾದವು, ಮೊದಲೇ ಗೊತ್ತಿದ್ದ ವ್ಯಾಪಾರಿ ರಿಯಾಯಿತಿ ಮತ್ತು ಕಾರ್ಖಾನೆಯ ಬಾಗಿಲಿನಿಂದಾಚೆಗಿನ ಸಾಗಣೆ ಹಾಗೂ ಅದರ ವಿಮೆ. ಆ ಸಾಗಣೆಯನ್ನು ಸರಾಸರಿ ಮಾಡಿ ಕಳೆಯುವುದಕ್ಕೂ ಅವಕಾಶವಿತ್ತು.

ನಮ್ಮವರು ನೆನಪಿಟ್ಟುಕೊಂಡದ್ದು ಈ ಕೊನೆಯ ಭಾಗವನ್ನು ಮಾತ್ರ. 1997ರಲ್ಲಿ ಬರೋಡಾ ಎಲೆಕ್ಟ್ರಿಕ್ ಮೀಟರ್ಸ್ ಪ್ರಕರಣದಲ್ಲಿ, ತಯಾರಕ ಸಾಗಣೆಗೆಂದು ವಸೂಲು ಮಾಡಿದ ಹಣ ನಿಜವಾದ ಖರ್ಚಿಗಿಂತ ಹೆಚ್ಚಿದ್ದರೂ, ಹೆಚ್ಚಾದದ್ದು ಸಾಗಣೆಯ ಲಾಭವೇ ಹೊರತು ತಯಾರಿಕೆಯದ್ದಲ್ಲ, ಅದರ ಮೇಲೆ ಅಬಕಾರಿ ಸುಂಕ ಬೀಳದು ಎಂಬ ತೀರ್ಪು ಬಂದಮೇಲಂತೂ ಅವರ ಧೈರ್ಯ ಇಮ್ಮಡಿಯಾಯಿತು. ಹಾಗಾಗಿ ಹಳೆಯ ಸಲಹೆಗಾರರು ಸಾಗಣೆಯನ್ನು ಬೇರೆ ತೋರಿಸಿ ಎಂದು ಹೇಳಿದ್ದು ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಅವರನ್ನು ದೂರುವುದು ನನಗೆ ಇಷ್ಟವಿಲ್ಲ.

ಆದರೆ 2017ರ ಜುಲೈ 1ರಿಂದ ಪೆಟ್ರೋಲ್, ಡೀಸೆಲ್‌ನಂಥ ಕೆಲವು ಪೆಟ್ರೋಲಿಯಂ ಉತ್ಪನ್ನಗಳು, ಕುಡಿಯುವ ಮದ್ಯ ಇಂಥ ಕೆಲವನ್ನು ಬಿಟ್ಟು ಉಳಿದ ಮಾಲಿಗೆಲ್ಲ ಜಿಎಸ್‌ಟಿ ಬಂದಿದೆ, ಅದು ತಯಾರಿಕೆಯ ಮೇಲಿನ ತೆರಿಗೆಯಲ್ಲ, ಪೂರೈಕೆಯ ಮೇಲಿನ ತೆರಿಗೆ. ಇದನ್ನು ನಾನು ನಿಧಾನವಾಗಿ, ಬೇಸರವಾದರೂ ಸರಿಯೆಂದು, ಬಿಡಿಸಿ ಹೇಳುತ್ತೇನೆ. ಅಬಕಾರಿಯಲ್ಲಿ ಕಾರ್ಖಾನೆಯ ಬಾಗಿಲೇ ಸಾಮಾನ್ಯವಾಗಿ ಗಡಿ. ಇಸ್ಪಾತ್ ಪ್ರಕರಣದಲ್ಲಿ 2015ರಲ್ಲೂ ಸರ್ವೋಚ್ಚ ನ್ಯಾಯಾಲಯ ಕೊಳ್ಳುವವನ ಜಾಗವನ್ನು ಮಾಲು ಹೊರಬಿದ್ದ ಸ್ಥಳವೆಂದು ಎಣಿಸಲಾಗದು ಎಂದಿತ್ತು. ಜಿಎಸ್‌ಟಿಯ 15ನೇ ಕಲಮಿನಲ್ಲಿ ಆ ಬಾಗಿಲೇ ಇಲ್ಲ. ಮಾಲು ತಲುಪಿಸುವ ಹೊತ್ತಿನವರೆಗೆ ಪೂರೈಕೆದಾರ ಅದಕ್ಕಾಗಿ ಏನೇ ಮಾಡಿ ಹಣ ಪಡೆದರೂ, ಪ್ಯಾಕಿಂಗ್, ದಲ್ಲಾಳಿ, ಹಮಾಲಿ, ಸಾಗಣೆ ಯಾವುದೇ ಆಗಲಿ, ಅದು ಮೌಲ್ಯದೊಳಗೆ ಬರುತ್ತದೆ. ಸೈಟಿಗೆ ತಲುಪಿಸಿಕೊಡುವ ಮಾತಾಗಿದ್ದರೆ ಸಾಗಣೆಯು ಮಾಲಿನ ಪೂರೈಕೆಯ ಜೊತೆಗೇ ಸೇರಿದ್ದು, ಅದಕ್ಕೆ ಮಾಲಿನ ದರವೇ ಅನ್ವಯಿಸುತ್ತದೆ, ಲಾರಿ ಸೇವೆಯ ಕಡಿಮೆ ದರವಲ್ಲ.

ಕುಮಟಾ ಕಡೆಯ ಇಂಟರ್‌ಲಾಕ್ (ಅಂಗಳಕ್ಕೆ ಹಾಸುವ ಸಿಮೆಂಟ್ ಬಿಲ್ಲೆ) ತಯಾರಕರೊಬ್ಬರ ಬಿಲ್ಲು ಪುಸ್ತಕಗಳು ಇತ್ತೀಚೆಗೆ ನನ್ನ ಮೇಜಿನ ಮೇಲಿದ್ದವು. ಎರಡು ಪುಸ್ತಕ, ಎರಡರಲ್ಲೂ ಒಂದೇ ದಿನಾಂಕ, ಒಂದೇ ಲಾರಿ ನಂಬರು, ಒಂದೇ ಕೈಬರಹ. ಮೊದಲನೆಯದರಲ್ಲಿ ಚದರ ಅಡಿಗೆ 38 ರೂಪಾಯಿ, ಎರಡನೆಯದರಲ್ಲಿ ಲೋಡಿಂಗ್ ಮತ್ತು ಸಾಗಣೆ 17 ರೂಪಾಯಿ. ಅವರು ಗಿರಾಕಿಗೆ ವಾಟ್ಸಾಪಿನಲ್ಲಿ ಕಳುಹಿಸಿದ ಕೊಟೇಶನ್ನಿನಲ್ಲಿ ಇದ್ದದ್ದು ಒಂದೇ ಸಾಲು: ಸೈಟಿಗೆ ತಲುಪಿಸಿ ಅಡಿಗೆ 55. ಇನ್ನೂ ಸ್ವಾರಸ್ಯವೆಂದರೆ, ಲಾರಿ ಪಕ್ಕದ ಮಿರ್ಜಾನಿಗೆ ಹೋದಾಗಲೂ 17, ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದಾಗಲೂ 17. ಅಧಿಕಾರಿಗೆ ಇದನ್ನು ಕಂಡುಹಿಡಿಯಲು ದೊಡ್ಡ ಬುದ್ಧಿಯೇನೂ ಬೇಕಾಗಲಿಲ್ಲ. ಅಬಕಾರಿ ಕಾಲದಲ್ಲಾದರೆ ಇದು ಸರಾಸರಿ ಎಂದು ವಾದಿಸಬಹುದಿತ್ತು, ಆದರೆ ಸರಾಸರಿಗೂ ಲೆಕ್ಕದ ಹಾಳೆಯೊಂದು ಬೇಕು. ಇವರಲ್ಲಿ ಅದೂ ಇರಲಿಲ್ಲ.

"ಲಾರಿ ನನ್ನದಲ್ಲ, ಡ್ರೈವರೂ ನನ್ನವನಲ್ಲ, ಬಾಡಿಗೆಗೆ ನಾನೇಕೆ ತೆರಿಗೆ ಕಟ್ಟಬೇಕು?" ಎಂದು ಅವರು ಕೇಳಿದರು. ನಿಮ್ಮ ಗಿರಾಕಿ ಲಾರಿಯನ್ನು ಕೊಂಡನೇ, ಇಂಟರ್‌ಲಾಕನ್ನು ಕೊಂಡನೇ ಎಂದು ನಾನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬಾಡಿಗೆಯನ್ನು ಗಿರಾಕಿಯೇ ನೇರವಾಗಿ ಡ್ರೈವರ್ ಕೈಗೆ ಕೊಡಲಿ" ಎಂದರು. ಪ್ರತಿಯೊಬ್ಬರೂ ಬಂದು ನಿಲ್ಲುವುದು ಇಲ್ಲಿಯೇ, ಕಾನೂನು ಕಾದು ಕುಳಿತಿರುವುದೂ ಇಲ್ಲಿಯೇ. ಒಪ್ಪಂದದ ಪ್ರಕಾರ ನೀವು ಕೊಡಬೇಕಾದ ಖರ್ಚನ್ನು ಗಿರಾಕಿ ನಿಮ್ಮ ಪರವಾಗಿ ಕೊಟ್ಟರೆ, ಬೆಲೆಯಲ್ಲಿ ಅದು ಸೇರಿರದಿದ್ದರೂ, ಅದನ್ನು ಮೌಲ್ಯಕ್ಕೆ ಸೇರಿಸಬೇಕೆಂದು 15ನೇ ಕಲಮಿನಲ್ಲೇ ಬರೆದಿದೆ. ಹಣ ಯಾರ ಜೇಬಿನಿಂದ ಯಾರ ಕೈಗೆ ಹೋಯಿತು ಎಂಬುದಲ್ಲ, ತಲುಪಿಸುವ ಹೊಣೆ ಯಾರದ್ದಾಗಿತ್ತು ಎಂಬುದೇ ಪ್ರಶ್ನೆ. ಗಿರಾಕಿಯೇ ತನ್ನ ಲಾರಿ ತಂದು ನಿಮ್ಮ ಅಂಗಳದಿಂದ ಮಾಲು ಒಯ್ದರೆ ಮಾತು ಬೇರೆ. ಆಗ ಬೆಲೆ ನಿಜವಾಗಿಯೂ ಅಂಗಳದ ಬೆಲೆ. ಆದರೆ ಕೊಟೇಶನ್ನು, ಆರ್ಡರು, ಇ-ವೇ ಬಿಲ್ಲು ಮೂರೂ ಅದೇ ಕಥೆಯನ್ನು ಹೇಳಬೇಕು.

ಅಬಕಾರಿಯ ತೀರ್ಪುಗಳನ್ನು ಹಾಗಾದರೆ ಏಕೆ ಓದಬೇಕೆಂದು ಕೇಳುವವರಿದ್ದಾರೆ. ಬೆಲೆಯ ಹಿಂದೆ ಇಣುಕಿ ನೋಡುವ ಅಭ್ಯಾಸವನ್ನು ನ್ಯಾಯಾಲಯ ಬೆಳೆಸಿಕೊಂಡದ್ದು ಅಲ್ಲಿ. 2000ದ ಜುಲೈಯಲ್ಲಿ 4ನೇ ಕಲಮಿಗೆ ವಹಿವಾಟಿನ ಮೌಲ್ಯ, ಅಂದರೆ ಆಯಾ ಮಾರಾಟದಲ್ಲಿ ನಿಜವಾಗಿ ಪಡೆದ ಬೆಲೆ, ಬಂದಾಗ, ಇನ್ನು ಬಿಲ್ಲಿನ ಬೆಲೆಯೇ ಅಂತಿಮವೆಂದು ಬಹಳ ಮಂದಿ ನೆಮ್ಮದಿಪಟ್ಟಿದ್ದರು. ಆದರೆ ಫಿಯೆಟ್ ಪ್ರಕರಣದಲ್ಲಿ, ಕಂಪನಿ ಮಾರುಕಟ್ಟೆಯೊಳಗೆ ನುಗ್ಗಲು ವರ್ಷಗಟ್ಟಲೆ ಯೂನೋ ಕಾರನ್ನು ತಯಾರಿಕಾ ವೆಚ್ಚಕ್ಕಿಂತ ತುಂಬ ಕಡಿಮೆಗೆ ಮಾರಿದ್ದನ್ನು ಕಂಡು, ಕೊಳ್ಳುವವರು ಸಂಬಂಧಿಕರಲ್ಲದಿದ್ದರೂ ಬೆಲೆಯೊಂದೇ ಇಲ್ಲಿ ಪ್ರತಿಫಲವಲ್ಲ, ಮಾರುಕಟ್ಟೆಯೊಳಗೆ ನುಗ್ಗಿದ್ದೂ ಅದರಲ್ಲಿ ಸೇರಿದೆಯೆಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆ ತೀರ್ಪು ಕಠಿಣವಾಯಿತೆಂಬುದು ನನ್ನ ಅಭಿಪ್ರಾಯ. ಸರಕಾರವೇ 2014ರಲ್ಲಿ ನಿಯಮ ತಿದ್ದಿ, ಬೇರೆ ಪ್ರತಿಫಲವಿಲ್ಲದಿದ್ದರೆ ನಷ್ಟದ ಬೆಲೆಯನ್ನೂ ಒಪ್ಪಬಹುದೆಂದು ಮಾಡಬೇಕಾಯಿತು. ಅದೇ ವರ್ಷದ ಸೂಪರ್ ಸಿನೋಟೆಕ್ಸ್ ತೀರ್ಪು ನನಗೆ ಹೆಚ್ಚು ಒಪ್ಪಿಗೆಯಾದದ್ದು. ಗಿರಾಕಿಯಿಂದ ಮಾರಾಟ ತೆರಿಗೆಯೆಂದು ಪೂರ್ತಿ ವಸೂಲು ಮಾಡಿ, ಪ್ರೋತ್ಸಾಹ ಯೋಜನೆಯ ಹೆಸರಿನಲ್ಲಿ ಶೇ. 75ನ್ನು ತಾನೇ ಇಟ್ಟುಕೊಂಡ ಕಂಪನಿಗೆ, ಹಾಗೆ ಉಳಿಸಿಕೊಂಡದ್ದು ಬೆಲೆಯ ಭಾಗವೇ ಎಂದು ನ್ಯಾಯಾಲಯ ಹೇಳಿತು. ಬಿಲ್ಲಿನಲ್ಲಿ ತೆರಿಗೆ ಎಂದು ಬರೆದಿದ್ದರೂ, ಕಟ್ಟದೆ ಕೈಯಲ್ಲೇ ಉಳಿದದ್ದು ತೆರಿಗೆಯಾಗಲಿಲ್ಲ.

ಪಾತ್ರೆಗಳ ವಿಷಯವೂ ಹಾಗೆಯೇ ಬಹುಕಾಲ ಎಳೆದಾಡಿತು. ಬಿಣಗಾದ ಹೆದ್ದಾರಿಯಲ್ಲಿ ಕ್ಲೋರಿನ್ ತುಂಬುವ ದೊಡ್ಡ ಉಕ್ಕಿನ ಸಿಲಿಂಡರ್, ಟನರ್‌ಗಳನ್ನು ಹೊತ್ತ ಲಾರಿಗಳನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಪಾತ್ರೆಗಳಲ್ಲಿ ಹೋಗುವ ಅನಿಲ, ದ್ರವಗಳ ಜೊತೆಗೆ ಪಾತ್ರೆಯ ಸವೆತ, ಬಾಡಿಗೆಯೆಂದು ಪಡೆಯುವ ಹಣದ ಪ್ರಶ್ನೆ ಕೊನೆಗೆ ಐವರು ನ್ಯಾಯಮೂರ್ತಿಗಳ ಪೀಠದವರೆಗೆ ಹೋಯಿತು. 2018ರ ಗ್ರಾಸಿಂ ತೀರ್ಪಿನಲ್ಲಿ ಆ ಪೀಠ, ತೆರಿಗೆ ಯಾವುದರ ಮೇಲೆ ಎಂಬುದೂ ಅದರ ಅಳತೆಗೋಲೂ ಬೇರೆ ಬೇರೆ ಎಂಬ ಬಾಂಬೆ ಟೈರ್‌ನ ಮಾತನ್ನೇ ಎತ್ತಿಹಿಡಿಯಿತು.

ಹೆಂಡತಿಯ ಹೆಸರಿನಲ್ಲಿ ಟ್ರೇಡರ್ಸ್ ತೆರೆದು ಅದಕ್ಕೆ ಅಗ್ಗವಾಗಿ ಮಾರಿ, ಅಲ್ಲಿಂದ ನಿಜವಾದ ಬೆಲೆಗೆ ಮಾರುವ ಉಪಾಯದ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಅಬಕಾರಿ ನಿಯಮಗಳಲ್ಲೇ ಅಂಥ ಕಡೆ ಟ್ರೇಡರ್ಸ್‌ನವರು ಹೊರಗಿನವರಿಗೆ ಮಾರಿದ ಬೆಲೆಯನ್ನು ತೆಗೆದುಕೊಳ್ಳುತ್ತಿದ್ದರು, ಜಿಎಸ್‌ಟಿಯಲ್ಲಿ ಅದಕ್ಕೆ ಬೇರೆ ನಿಯಮಗಳಿವೆ, ಪ್ರತಿಯೊಂದು ಪ್ರಕರಣವನ್ನೂ ಅದರ ಕಾಗದಪತ್ರ ನೋಡಿಯೇ ಹೇಳಬೇಕಾಗುತ್ತದೆ.

ಇಂಟರ್‌ಲಾಕಿನವರ ನೋಟಿಸಿಗೆ ಉತ್ತರ ಸಲ್ಲಿಸಿ ಆಗಿದೆ, ವಿಚಾರಣೆ ಬಾಕಿಯಿರುವುದರಿಂದ ಫಲಿತಾಂಶದ ಬಗ್ಗೆ ಏನೂ ಹೇಳಲಾರೆ. ಎರಡನೆಯ ಬಿಲ್ಲು ಪುಸ್ತಕವನ್ನು ಅವರು ನಿಲ್ಲಿಸಿದ್ದಾರೆ. ಹೊಸ ಕೊಟೇಶನ್ನಿನಲ್ಲಿ ಎರಡು ಸಾಲು ಬರೆಯುತ್ತಿದ್ದಾರೆ, ಸೈಟಿಗೆ ತಲುಪಿಸಿದರೆ ಒಂದು ಬೆಲೆ, ತಾವೇ ಲಾರಿ ತಂದು ಒಯ್ಯುವವರಿಗೆ ಅಂಗಳದ ಬೆಲೆ. ಗಿರಾಕಿ ಯಾವುದನ್ನು ಒಪ್ಪುತ್ತಾನೋ ಆ ಒಂದರ ಮೇಲೆಯೇ ಬಿಲ್ಲು.