ಕಾಣದ ಹುಲಿಗೂ ಲೆಕ್ಕ ಉಂಟು

2023ರ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಹುಲಿ ಲೆಕ್ಕ ಬಿಡುಗಡೆಯಾಯಿತು. ದೇಶದಲ್ಲಿ ಕನಿಷ್ಠ 3,167 ಹುಲಿ. ಜುಲೈನಲ್ಲಿ ಇನ್ನೊಂದು ಸಂಖ್ಯೆ ಬಂತು: 3,682. ಪರಿಚಯದವರೊಬ್ಬರು ನಕ್ಕರು. "ಮೂರೇ ತಿಂಗಳಲ್ಲಿ 515 ಹುಲಿ ಹುಟ್ಟಿದವಾ? ಸುಮ್ನೆ ಬಾಯಿಗೆ ಬಂದದ್ದು ಹೇಳ್ತಾರೆ."

ಹುಲಿ ಹುಟ್ಟಿರಲಿಲ್ಲ. ಮೊದಲನೆಯದು "ಇಷ್ಟಂತೂ ಇವೆ" ಅನ್ನುವ ಮಾತು. ಎರಡನೆಯದು ಕ್ಯಾಮೆರಾ ಇಡದ ಕಾಡುಗಳನ್ನೂ ಸೇರಿಸಿ ಮಾಡಿದ ಸರಾಸರಿ ಅಂದಾಜು. ಅದರ ಜೊತೆಗೆ ಮೇಲಿನ ಮಿತಿ 3,925 ಅಂತಲೂ ಹೇಳಿದ್ದರು. ಅದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ನಮಗೆ ಒಂದೇ ಸಂಖ್ಯೆ ಬೇಕು. ತಪ್ಪಿನ ಮೂಲ ಬಹುಶಃ "ಹುಲಿ ಗಣತಿ" ಅನ್ನುವ ಪದದಲ್ಲೇ ಇದೆ. ಜನಗಣತಿಗೆ ಹೋದವರು ಬಾಗಿಲು ಬಡಿಯುತ್ತಾರೆ, ಒಳಗಿದ್ದವರು ತೆಗೆಯುತ್ತಾರೆ. ಹುಲಿ ಬಾಗಿಲು ತೆಗೆಯುವುದಿಲ್ಲ.

ಒಂದು ಕಾಲದಲ್ಲಿ ನಾವೂ ಒಂದೂ ಬಿಡದೆ ಎಣಿಸುತ್ತೇವೆ ಅಂತಲೇ ನಂಬಿದ್ದೆವು. 1966ರಲ್ಲಿ ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ ಹೆಜ್ಜೆ ಗುರುತಿನ ವಿಧಾನ ತಂದರು. ಪ್ರತಿ ಹುಲಿಯ ಹೆಜ್ಜೆಯೂ ಬೇರೆ, ಪಳಗಿದ ಕಣ್ಣಿಗೆ ಗೊತ್ತಾಗುತ್ತದೆ ಅನ್ನುವುದು ಅದರ ಬುನಾದಿ. 1972ರಲ್ಲಿ ಇಡೀ ದೇಶದ ಲೆಕ್ಕ ಬಂತು: 1,827. ನೋಡಿ, ಸರಾಸರಿಯೂ ಇಲ್ಲ, ಮಿತಿಯೂ ಇಲ್ಲ. ಕೊನೆಯ ಆ ಏಳನೇ ಹುಲಿಯ ತನಕ ಖಚಿತ!

ಒಂದೇ ಹುಲಿ ಕೆಸರಿನಲ್ಲಿ ಕಾಲಿಟ್ಟರೆ ಒಂದು ಆಕಾರ, ಒಣ ಧೂಳಿನಲ್ಲಿಟ್ಟರೆ ಇನ್ನೊಂದು. ನಮ್ಮ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸೆರೆಯಲ್ಲಿದ್ದ ಹುಲಿಗಳ ಹೆಜ್ಜೆ ಗುರುತುಗಳನ್ನು ಅನುಭವಿಗಳ ಮುಂದಿಟ್ಟು ಪರೀಕ್ಷೆ ಮಾಡಿದರು. ಯಾವುದು ಯಾವ ಹುಲಿಯದೆಂದು ಅವರಿಗೆ ಸರಿಯಾಗಿ ಹೇಳಲಾಗಲಿಲ್ಲ. ಆಮೇಲೆ ರಾಜಸ್ಥಾನದ ಸರಿಸ್ಕಾ. 2004ರಲ್ಲಿ ಅಲ್ಲಿ ಹದಿನೈದಕ್ಕೂ ಜಾಸ್ತಿ ಹುಲಿ ಇವೆಯೆಂದು ಕಾಗದ ಹೇಳುತ್ತಿತ್ತು. ಮರುವರ್ಷ ಹುಡುಕಿದರೆ ಒಂದೂ ಇರಲಿಲ್ಲ. ಬೇಟೆಗಾರರು ಮುಗಿಸಿದ್ದರು.

ಹೆಜ್ಜೆ ಹೋಗಲಿ, ಯಾರ ಕಣ್ಣಿಗೂ ಬೀಳದ ಹುಲಿಯ ಕಥೆ ಏನು? ನನಗೆ ಇಷ್ಟವಾದ ಭಾಗ ಇಲ್ಲಿಂದ ಶುರು.

ಒಂದು ಚೀಲ ಅವರೆಕಾಳು ಇದೆ ಅನ್ನಿ. ನೂರು ಕಾಳು ತೆಗೆದು ಬಣ್ಣ ಹಚ್ಚಿ, ವಾಪಸ್ ಹಾಕಿ, ಚೆನ್ನಾಗಿ ಕಲಸಿ. ಮತ್ತೆ ನೂರು ತೆಗೆಯಿರಿ. ಹತ್ತಕ್ಕೆ ಬಣ್ಣ ಇದ್ದರೆ ಚೀಲದ ಹತ್ತರಲ್ಲೊಂದು ಪಾಲಿಗೆ ಬಣ್ಣ ಇದೆ ಅಂತಾಯಿತು. ನೀವು ಬಣ್ಣ ಹಚ್ಚಿದ್ದು ನೂರಕ್ಕೆ. ಹಾಗಾದರೆ ಚೀಲದಲ್ಲಿ ಸುಮಾರು ಸಾವಿರ ಕಾಳು.

ಇದಕ್ಕಿಂತ ಚಂದದ ಉದಾಹರಣೆ ಕರಡು ತಿದ್ದುವವರದು. ಊರಿನ ಸ್ಮರಣ ಸಂಚಿಕೆಯನ್ನು ಇಬ್ಬರು ಬೇರೆಬೇರೆಯಾಗಿ ತಿದ್ದಿದರು. ಮೇಷ್ಟ್ರು 20 ತಪ್ಪು ಹಿಡಿದರು, ಅವರ ಮಗಳು 15. ಇಬ್ಬರಿಗೂ ಸಿಕ್ಕಿದ್ದು 12. ಮಗಳು ಹಿಡಿದ 15ರಲ್ಲಿ 12 ಮೇಷ್ಟ್ರಿಗೂ ಸಿಕ್ಕಿವೆ. ಅಂದರೆ ಅವರ ಕಣ್ಣು ನೂರಕ್ಕೆ 80 ಚುರುಕು. ಅವರ 20 ತಪ್ಪು ಒಟ್ಟಿನ 80 ಪಾಲಾದರೆ ಒಟ್ಟು 25. ಇಬ್ಬರೂ ಸೇರಿ ಕಂಡದ್ದು 23. ಇನ್ನೂ ಎರಡು ತಪ್ಪು ಎಲ್ಲೋ ಅಡಗಿವೆ. ಯಾರೂ ನೋಡದ ಎರಡು ತಪ್ಪುಗಳನ್ನು ಪುಟ ತಿರುವದೆಯೇ ಎಣಿಸಿಬಿಟ್ಟೆವು! ಇದನ್ನು ಮೊದಲ ಸಲ ಲೆಕ್ಕ ಹಾಕಿದ ದಿನ ನನಗೆ ನಿದ್ದೆ ಬಂದಿರಲಿಲ್ಲ.

ಉಪಾಯ ಹಳೆಯದೇ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಕೆಲವೇ ಊರುಗಳ ಜನರನ್ನು ಎಣಿಸಿ, ವರ್ಷಕ್ಕೆ ಸುಮಾರು 28 ಜನರಿಗೊಂದು ಮಗು ಹುಟ್ಟುತ್ತದೆಂದು ಕಂಡುಕೊಂಡ. ಅದನ್ನು ದೇಶದ ಒಟ್ಟು ಜನನಗಳಿಗೆ ಗುಣಿಸಿ ಜನಸಂಖ್ಯೆ ಹೇಳಿದ. ಲೆಕ್ಕ ಎಷ್ಟು ತಪ್ಪಿರಬಹುದು ಅಂತಲೂ ಹೇಳಿದ, ದೊಡ್ಡತನ ಅದು. ಡೆನ್ಮಾರ್ಕಿನ ಪೀಟರ್ಸನ್ 1890ರ ದಶಕದಲ್ಲಿ ಮೀನಿಗೆ ಗುರುತು ಹಾಕಿ ಬಿಟ್ಟ. ಅಮೆರಿಕದ ಲಿಂಕನ್ 1930ರಲ್ಲಿ ಬಾತುಕೋಳಿಗಳ ಲೆಕ್ಕಕ್ಕೆ ಇದನ್ನೇ ಬಳಸಿದ. ಇವತ್ತಿಗೂ ಸೂತ್ರಕ್ಕೆ ಇವರಿಬ್ಬರದೇ ಹೆಸರು.

ಹುಲಿಗೆ ಬಣ್ಣ ಹಚ್ಚುವವರು ಯಾರು? ಬೇಕಿಲ್ಲ, ಪಟ್ಟೆ ಹೊತ್ತುಕೊಂಡೇ ಹುಟ್ಟಿದೆ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಒಂದೇ ಹುಲಿಯ ಎಡ ಬಲ ಮಗ್ಗುಲುಗಳೂ ಬೇರೆ. ಅದಕ್ಕೇ ಕಾಡುದಾರಿಯ ಎರಡೂ ಬದಿಗೆ ಎದುರುಬದುರು ಕ್ಯಾಮೆರಾ ಕಟ್ಟುತ್ತಾರೆ. ನಾಗರಹೊಳೆಯಲ್ಲಿ ಹೀಗೆ ಕ್ಯಾಮೆರಾ ಕಟ್ಟಿ, ಮತ್ತೆ ಮತ್ತೆ ಸಿಕ್ಕ ಹುಲಿಗಳಿಂದ ಸಿಗದ ಹುಲಿಗಳನ್ನು ಅಂದಾಜು ಮಾಡಬಹುದೆಂದು ಕಾರಂತರು 1995ರಲ್ಲಿ ಪ್ರಕಟಿಸಿದರು. ಸರಿಸ್ಕಾದ ಅವಮಾನದ ನಂತರ ದೇಶವೂ ಹೆಜ್ಜೆ ಎಣಿಸುವುದನ್ನು ಬಿಟ್ಟಿತು. ಹೊಸ ರೀತಿಯ ಮೊದಲ ಅಂದಾಜು 1,411.

ಇದರಲ್ಲೂ ತೊಡಕು ಇದೆ. ಕಾಗುಣಿತದ ತಪ್ಪು ಎದ್ದು ಕಾಣುತ್ತದೆ. ಇಸವಿ ತಪ್ಪಾಗಿದ್ದರೆ ಮೇಷ್ಟ್ರಿಗೂ ಕಾಣದು, ಮಗಳಿಗೂ ಕಾಣದು. ಸುಲಭದವು ಇಬ್ಬರಿಗೂ ಸಿಕ್ಕರೆ ಕಣ್ಣು ಚುರುಕು ಅಂದುಕೊಳ್ಳುತ್ತೇವೆ, ಒಟ್ಟು ಲೆಕ್ಕ ಕಡಿಮೆ ಬರುತ್ತದೆ. ಹುಲಿಯಲ್ಲೂ ಹಾಗೇ. ದೊಡ್ಡ ಗಂಡು ಊರೆಲ್ಲ ಸುತ್ತುತ್ತದೆ, ದಿನಾ ಫೋಟೊ. ಚಿಕ್ಕ ಮರಿಗಳಿರುವ ತಾಯಿ ಅಷ್ಟು ದೂರ ಹೋಗುವುದಿಲ್ಲ. ಆದ್ದರಿಂದ ಯಾವ ಹುಲಿ, ಯಾವ ರಾತ್ರಿ, ಯಾವ ಕ್ಯಾಮೆರಾಕ್ಕೆ ಸಿಕ್ಕಿತು ಅಂತ ಪೂರ್ತಿ ಜಾತಕ ಬರೆಯುತ್ತಾರೆ. ಕೆಲಸ ಕೆಲವೇ ವಾರಗಳಲ್ಲಿ ಮುಗಿಯಬೇಕು. ಎಳೆದರೆ ಹುಟ್ಟು, ಸಾವು, ವಲಸೆ ಎಲ್ಲ ಒಳಗೆ ಸೇರಿಕೊಳ್ಳುತ್ತವೆ.

ಆನೆಗೆ ಪಟ್ಟೆಯಿಲ್ಲ. ಅಲ್ಲಿ ಲದ್ದಿ ಎಣಿಸುವ ದಾರಿಯೊಂದಿದೆ. ಆನೆ ದಿನಕ್ಕೆ ಸುಮಾರು 16 ಸಲ ಲದ್ದಿ ಹಾಕುತ್ತದೆ. ಒಂದು ಗುಡ್ಡೆ ಕರಗಲು ಎಷ್ಟು ದಿನ ಬೇಕೆಂದು ಗೊತ್ತಾದರೆ ನೆಲದಲ್ಲಿರುವ ಗುಡ್ಡೆಗಳಿಂದ ಆನೆಗಳ ಅಂದಾಜು ಸಿಗುತ್ತದೆ. ಆದರೆ ಜೋರು ಮಳೆ ಬಂದರೆ, ಸಗಣಿ ಹುಳುಗಳು ಮುತ್ತಿದರೆ, ಗುಡ್ಡೆ ಬೇಗ ಮಾಯ. ಅದನ್ನು ಗಮನಿಸದೆ ಲೆಕ್ಕ ಹಾಕಿದರೆ ಕಾಗದದಲ್ಲಿ ಆನೆ ಕಡಿಮೆಯಾಗುತ್ತದೆ. ಆನೆ ಮಾತ್ರ ಅಲ್ಲೇ ಬಿದಿರ ಮೆಳೆಯ ಹಿಂದೆ ನಿಂತು ಮೇಯುತ್ತಿರುತ್ತದೆ.