ಮಗನ ಮೇಲೆ ನಿಗಾ ಇಡುವ ಆ ಅಧಿಕಾರಿ ಯಾರ ಕಡೆಯವರು?

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಓದುತ್ತಿರುವ ನನ್ನ ಮಗನ ಮೇಲೆ ಅಂಗಡಿ ಕಳವಿನ ಕೇಸು ಬಿದ್ದಿದೆ. ವಿಚಾರಣೆಯಿಲ್ಲದೆ ಮುಗಿಸಬಹುದು, ಆದರೆ ಒಬ್ಬ ಅಧಿಕಾರಿಯ ನಿಗಾದಲ್ಲಿ ಇರಬೇಕಂತೆ. ಅವರ ಹತ್ತಿರ ಎಲ್ಲವನ್ನೂ ಹೇಳಿಕೊಳ್ಳಬಹುದೇ?

ಉತ್ತರ: ಮೊದಲು ಆ ಅಧಿಕಾರಿ ಯಾರೆಂದು ಕೇಳಿ ತಿಳಿದುಕೊಳ್ಳಿ. ಅಲ್ಲಿ ಇಬ್ಬರು ಎದುರಾಗಬಹುದು. 2017ರ ಜನವರಿಯಿಂದ ನ್ಯೂಜೆರ್ಸಿಯಲ್ಲಿ ಹಣ ಕಟ್ಟಿ ಜಾಮೀನು ಪಡೆಯುವ ಪದ್ಧತಿ ಬಹುಮಟ್ಟಿಗೆ ನಿಂತುಹೋಗಿದೆ. ಅದರ ಬದಲು, ಬಿಡುಗಡೆಯಾದವರು ಕೋರ್ಟಿಗೆ ತಪ್ಪದೆ ಬರುವಂತೆ ಪ್ರಿಟ್ರಯಲ್ ಸರ್ವಿಸಸ್‌ನವರು, ಅಂದರೆ ವಿಚಾರಣೆಗೆ ಮುಂಚೆ ನಿಗಾ ಇಡುವ ಕೋರ್ಟಿನ ವಿಭಾಗದವರು, ನೋಡಿಕೊಳ್ಳುತ್ತಾರೆ. ನಿಮ್ಮ ವಕೀಲರು ಹೇಳುತ್ತಿರುವುದು ಬಹುಶಃ ಇನ್ನೊಬ್ಬರನ್ನು: ವಿಚಾರಣೆಯ ಬದಲು ಷರತ್ತುಗಳ ಮೇಲೆ ನಿಗಾದಲ್ಲಿಟ್ಟು ಕೇಸು ಮುಗಿಸುವ ಪ್ರಿಟ್ರಯಲ್ ಇಂಟರ್‌ವೆನ್ಷನ್ (ಪಿಟಿಐ) ಕಾರ್ಯಕ್ರಮದ ಪ್ರೊಬೇಷನ್ ಅಧಿಕಾರಿಯನ್ನು.

ಇವರು ಪೊಲೀಸರೂ ಅಲ್ಲ, ನಿಮ್ಮ ವಕೀಲರೂ ಅಲ್ಲ, ನ್ಯಾಯಾಂಗದ ನೌಕರರು. ಸಮಾಜಸೇವೆಯ ಗಂಟೆಗಳು, ನಷ್ಟ ತುಂಬಿಕೊಡುವುದು, ಬೇಕಿದ್ದರೆ ಆಪ್ತಸಲಹೆ ಅಥವಾ ಮಾದಕವಸ್ತು ಪರೀಕ್ಷೆ, ಇವೆಲ್ಲ ನಡೆಯುತ್ತಿವೆಯೇ ಎಂದು ನೋಡುವುದು ಅವರ ಕೆಲಸ. ಊರಿಗೆ ಬರಬೇಕೆಂದರೂ ಟಿಕೆಟ್ ಕಾಯ್ದಿರಿಸುವ ಮೊದಲು ಅವರನ್ನು ಕೇಳಬೇಕು. ನಿಗಾ ಹೆಚ್ಚೆಂದರೆ 3 ವರ್ಷ. ಸರಿಯಾಗಿ ಮುಗಿಸಿದರೆ ಆರೋಪ ವಜಾ. ಷರತ್ತು ಮುರಿದರೆ ಅಧಿಕಾರಿ ವರದಿ ಮಾಡುತ್ತಾರೆ, ತೀರ್ಮಾನ ನ್ಯಾಯಾಧೀಶರದು; ಪಿಟಿಐಯಿಂದ ತೆಗೆದರೆ ಕೇಸು ನಿಂತಲ್ಲಿಂದ ಮತ್ತೆ ಮುಂದುವರಿಯುತ್ತದೆ.

ಈಗ ನಿಮ್ಮ ಪ್ರಶ್ನೆಗೆ. ಇರುವ ಆರೋಪದ ಬಗ್ಗೆ ನಿಗಾ ಅಧಿಕಾರಿಗೆ ಹೇಳಿದ ಮಾತನ್ನು ಆ ಕೇಸಿಗಾಗಿ ಸರ್ಕಾರಿ ವಕೀಲರಿಗೆ ತಲುಪಿಸುವಂತಿಲ್ಲ, ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ಆ ರಾಜ್ಯದ ಕಾನೂನೇ ಹೇಳುತ್ತದೆ. ಆದರೆ ಹುಡುಗ ಸರಿಯಾಗಿ ನಡೆದುಕೊಳ್ಳುತ್ತಿದ್ದಾನೋ ಇಲ್ಲವೋ ಎಂಬುದನ್ನು ಅವರು ತಿಳಿಸಬಹುದು. ಬೇರೆ ಯಾವುದೋ ಹಳೆಯ ವಿಷಯವನ್ನು ಬಾಯಿಬಿಟ್ಟರೆ ಇದೇ ರಕ್ಷಣೆ ಸಿಗುತ್ತದೆಂದು ನಂಬಬೇಡಿ. ಅಂಥದ್ದಿದ್ದರೆ ಮೊದಲು ವಕೀಲರ ಹತ್ತಿರ ಹೇಳಲಿ.

ನನಗೆ ಇದಕ್ಕಿಂತ ಹೆಚ್ಚು ಆತಂಕ ಇರುವುದು ವೀಸಾದ ಬಗ್ಗೆ. ಕಳವಿನ ಮೊತ್ತ 200 ಡಾಲರ್ ಅಥವಾ ಹೆಚ್ಚಿದ್ದರೆ ಕೇಸು ಪಿಟಿಐಗೆ ಹೋಗಬಹುದು. ಇಂಥ ಕೇಸಿನಲ್ಲಿ ಸಾಮಾನ್ಯವಾಗಿ ತಪ್ಪೊಪ್ಪಿಗೆ ಬೇಕಿಲ್ಲ. ಅದಕ್ಕಿಂತ ಕಡಿಮೆಯಿದ್ದರೆ ಮುನಿಸಿಪಲ್ ಕೋರ್ಟಿನ ‘ಕಂಡಿಷನಲ್ ಡಿಸ್ಮಿಸಲ್’, ಅಂದರೆ ಷರತ್ತಿನ ಮೇಲೆ ಕೇಸು ವಜಾ ಮಾಡುವುದು. ಕೇಳಲು ಇದು ಇನ್ನೂ ಹಗುರ, ಆದರೆ ಸೇರಬೇಕಾದರೆ ತಪ್ಪೊಪ್ಪಿಕೊಳ್ಳಬೇಕು ಅಥವಾ ತಪ್ಪಿತಸ್ಥನೆಂದು ತೀರ್ಪಾಗಿರಬೇಕು. ವರ್ಷದ ನಂತರ ರಾಜ್ಯದ ಕೋರ್ಟು ಕೇಸು ವಜಾ ಮಾಡಿದರೂ, ಅಮೆರಿಕದ ವಲಸೆ ಕಾನೂನು ಅಂಥ ತಪ್ಪೊಪ್ಪಿಗೆಯನ್ನು ಶಿಕ್ಷೆಯಾದಂತೆಯೇ ಲೆಕ್ಕ ಹಿಡಿಯಬಹುದು. ಸಣ್ಣ ಕಳವಿಗೆ ದೊಡ್ಡ ಏಟು ಬೀಳುವುದು ಹೀಗೆ. ‘ಬೇಗ ಮುಗಿದರೆ ಸಾಕು’ ಎಂಬ ಅವಸರದಲ್ಲಿ ಮಕ್ಕಳು ಸಹಿ ಹಾಕಿಬಿಡುತ್ತಾರೆ, ದಯವಿಟ್ಟು ತಡೆಯಿರಿ. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯ ಇದ್ದರೆ ಅದನ್ನು ತಿಳಿಸುವುದು ಕ್ರಿಮಿನಲ್ ವಕೀಲರ ಹೊಣೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಜೊತೆಗೆ ವಲಸೆ ವಕೀಲರೊಬ್ಬರನ್ನೂ ಕಾಣಿ.

ಕೇಸು ವಜಾ ಆದ ಮೇಲೂ ವೀಸಾ ಅರ್ಜಿಯಲ್ಲಿ ‘ಎಂದಾದರೂ ಬಂಧನವಾಗಿತ್ತೇ?’ ಎಂಬ ಪ್ರಶ್ನೆ ಇರುತ್ತದೆ. ಸುಳ್ಳು ಬರೆಯುವಂತಿಲ್ಲ. ಪಿಟಿಐ ಮುಗಿದು 6 ತಿಂಗಳ ನಂತರ ದಾಖಲೆ ಅಳಿಸಲು ಅರ್ಜಿ ಹಾಕಬಹುದು. ಅದಕ್ಕೂ ಮೊದಲು ವಜಾ ಆದೇಶದ ದೃಢೀಕೃತ ಪ್ರತಿಗಳನ್ನು ತೆಗೆದಿಟ್ಟುಕೊಳ್ಳಲಿ.