ಪುಟ್ಟ ಪರದೆಗೆ ಇಳಿದ ವಿಡಿಯೊ: ಒಂದು ಗೋಜಲಿನ ಹಿನ್ನೆಲೆ

ಅಂತರ್ಜಾಲದಲ್ಲಿ ಕಂಡ ವಿಡಿಯೊವನ್ನು ಕೈಯಲ್ಲಿರುವ ಪುಟ್ಟ ಪ್ಲೇಯರ್‌ಗೆ ಇಳಿಸಿಕೊಳ್ಳಬಹುದೇ ಎಂದು ಕೇಳಿದರೆ ತಂತ್ರಜ್ಞಾನ ಬಲ್ಲವರು ‘ಸುಲಭ’ ಎನ್ನುತ್ತಾರೆ, ಕಾನೂನು ಬಲ್ಲವರು ‘ಯಾವ ವಿಡಿಯೊ, ಯಾವ ದೇಶ’ ಎಂದು ಮರುಪ್ರಶ್ನೆ ಹಾಕುತ್ತಾರೆ, ವಿಡಿಯೊ ತಾಣಗಳ ಷರತ್ತುಗಳು ಬಹುಮಟ್ಟಿಗೆ ‘ಕೂಡದು’ ಎನ್ನುತ್ತವೆ. ಈ ಮೂರು ಉತ್ತರಗಳು ಹುಟ್ಟಿದ ಕಾಲಗಳು ಬೇರೆ ಬೇರೆ.

ಟಿವಿ ಕಾರ್ಯಕ್ರಮವನ್ನು ಮನೆಯಲ್ಲಿ ಕ್ಯಾಸೆಟ್‌ಗೆ ತುಂಬಿಸಿಕೊಂಡು ಆಮೇಲೆ ನೋಡುವುದು ತಪ್ಪಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ, ಸೋನಿಯ ವಿಡಿಯೊ ರೆಕಾರ್ಡರ್ ಕುರಿತ ಬೆಟಾಮ್ಯಾಕ್ಸ್ ಪ್ರಕರಣದಲ್ಲಿ, 5–4ರ ಬಹುಮತದಿಂದ ತೀರ್ಪಿತ್ತಿತು. 1998ರಲ್ಲಿ ಅದೇ ದೇಶದ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆಯು ನಕಲು ತಡೆಯಲು ಹಾಕಿದ ಡಿಜಿಟಲ್ ಬೀಗ ಮುರಿಯುವುದನ್ನೇ ನಿಷೇಧಿಸಿತು.

ಕನ್ವರ್ಟ್ ಮಾಡುವ, ಅಂದರೆ ವಿಡಿಯೊವನ್ನು ಒಂದು ಬಗೆಯ ಕಡತದಿಂದ ಇನ್ನೊಂದಕ್ಕೆ ಬದಲಿಸುವ, ಗೀಳು ನಿಜವಾಗಿ ಹಬ್ಬಿದ್ದು 2005ರ ನಂತರ. ಆ ವರ್ಷದ ಏಪ್ರಿಲ್‌ನಲ್ಲಿ ಯೂಟ್ಯೂಬ್‌ನ ಮೊದಲ ವಿಡಿಯೊ ಬಂತು, ಅಕ್ಟೋಬರ್‌ನಲ್ಲಿ ಆ್ಯಪಲ್‌ನ ಪುಟ್ಟ ಪ್ಲೇಯರ್ ಐಪಾಡ್‌ನ ವಿಡಿಯೊ ತೋರಿಸುವ ಮಾದರಿ ಬಂತು. ಆದರೆ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಯೂಟ್ಯೂಬ್ ಕೊಡುತ್ತಿದ್ದುದು, ಆಗ ಬ್ರೌಸರ್‌ನಲ್ಲಿ ವಿಡಿಯೊ ಓಡಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶದ ಎಫ್‌ಎಲ್‌ವಿ ಕಡತ. ಐಪಾಡ್ ಬಯಸುತ್ತಿದ್ದುದು ಎಚ್.264 ಅಥವಾ ಎಂಪಿಇಜಿ-4 ಎಂಬ ವಿಧಾನದಲ್ಲಿ ಕುಗ್ಗಿಸಿದ ವಿಡಿಯೊ. ಎಚ್.264ರಲ್ಲೂ ಸರಳವಾದ ‘ಬೇಸ್‌ಲೈನ್’ ಬಗೆಯೇ ಆಗಬೇಕು, ಚಿತ್ರ 320×240 ಅನ್ನು ಮೀರಬಾರದು, ವೇಗ ಸೆಕೆಂಡಿಗೆ 768 ಕಿಲೋಬಿಟ್ ದಾಟಬಾರದು. ಬ್ಯಾಟರಿಯ ಬಲದಲ್ಲಿ ಓಡುವ ಚಿಕ್ಕ ಯಂತ್ರಕ್ಕೆ ಮೊದಮೊದಲು ಹಾಕಿದ್ದ ಮಿತಿ ಅದು.

ಕಡತವನ್ನು ಕೈಗೆ ತಂದುಕೊಳ್ಳುವುದು ಆಗ ಕಷ್ಟವೇ ಆಗಿರಲಿಲ್ಲ. ವಿಡಿಯೊ ನೋಡಿ ಮುಗಿಸಿದಾಗ ಅದರ ಇಡೀ ಪ್ರತಿಯು ಬ್ರೌಸರ್‌ನ ತಾತ್ಕಾಲಿಕ ಫೋಲ್ಡರ್‌ನಲ್ಲಿ ಬಿದ್ದಿರುತ್ತಿತ್ತು. ಅದನ್ನು ಬೇರೆಡೆಗೆ ನಕಲಿಸಿ, ಹೆಸರಿನ ಕೊನೆಗೆ ಎಫ್‌ಎಲ್‌ವಿ ಎಂದು ಸೇರಿಸಿದರೆ ಸಾಕಿತ್ತು. ಕಷ್ಟವೆಲ್ಲ ಆಮೇಲಿನದು. ಕನ್ವರ್ಟರ್ ಎಂದು ಮಾರುತ್ತಿದ್ದ ಹಲವು ತಂತ್ರಾಂಶಗಳ ಹೊಟ್ಟೆಯಲ್ಲಿ ಇದ್ದುದು 2000ದಲ್ಲಿ ಫಾಬ್ರಿಸ್ ಬೆಲಾರ್ಡ್ ಆರಂಭಿಸಿದ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಎಫ್‌ಎಫ್‌ಎಂಪೆಗ್. ಮೇಲಿನ ಗುಂಡಿಗಳಿಗಷ್ಟೇ ಜನ ಹಣ ತೆರುತ್ತಿದ್ದರೆಂದರೆ ಪೂರ್ತಿ ಉತ್ಪ್ರೇಕ್ಷೆಯಾಗದು. ಮೊದಲೇ ಹಿಂಡಿ ಕುಗ್ಗಿಸಿದ ಚಿತ್ರವನ್ನು ಬಿಡಿಸಿ ಮತ್ತೆ ಹಿಂಡುವುದರಿಂದ, ಜೆರಾಕ್ಸ್ ಪ್ರತಿಯನ್ನು ಪುನಃ ಜೆರಾಕ್ಸ್ ಮಾಡಿದಂತೆ, ಪ್ರತಿ ಸಲವೂ ವಿವರ ಮಾಸುತ್ತಿತ್ತು. ಫ್ರೇಮ್‌ಗಳ ಲೆಕ್ಕ ತಪ್ಪಿದರೆ ತುಟಿ ಮುಂದೆ, ಮಾತು ಹಿಂದೆ.

ಒಂದೊಂದು ಯಂತ್ರಕ್ಕೂ ಒಂದೊಂದು ಮಡಿ. ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರವಾದ ಸೋನಿಯ ಪಿಎಸ್‌ಪಿಯ ಪರದೆ 480×272 ಇದ್ದರೂ ಮೆಮೊರಿ ಸ್ಟಿಕ್‌ನಿಂದ ಓಡಿಸುವ ವಿಡಿಯೊಗೆ ಮೊದಮೊದಲು ಅಷ್ಟು ದೊಡ್ಡ ಅಳತೆಯ ಅನುಮತಿ ಇರಲಿಲ್ಲ. ಕಡತದ ಹೆಸರು ಕೂಡ ಎಂ4ವಿ ಎಂದು ಆರಂಭವಾಗಿ ಐದು ಅಂಕಿಗಳಲ್ಲಿ ಮುಗಿಯದಿದ್ದರೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ. ಫೋನ್‌ಗಳಿಗೆ 176×144 ಅಳತೆಯ 3ಜಿಪಿ ಬೇಕಿತ್ತು. ಎಲ್ಲಕ್ಕಿಂತ ತಮಾಷೆಯೆಂದರೆ ‘ಎಂಪಿ4 ಪ್ಲೇಯರ್’ ಎಂಬ ಹೆಸರಿನಲ್ಲಿ ಬಂದ ಅಗ್ಗದ ಯಂತ್ರಗಳದು: ಅವುಗಳಲ್ಲಿ ಎಷ್ಟೋ ಯಂತ್ರಗಳಿಗೆ ಎಂಪಿ4 ಕಡತವನ್ನು ಓದುವ ಶಕ್ತಿಯೇ ಇರಲಿಲ್ಲ. ಒಂದೊಂದು ಫ್ರೇಮನ್ನೂ ಬಿಡಿ ಚಿತ್ರದಂತೆ ಕುಗ್ಗಿಸುವ ಎಎಂವಿ ಎಂಬ ಬಗೆಗೆ ಎಲ್ಲವನ್ನೂ ಬದಲಿಸಿಯೇ ಅವಕ್ಕೆ ಉಣಿಸಬೇಕಾಗಿತ್ತು.

2007ರಲ್ಲಿ ಐಫೋನ್ ಬಂದಾಗ ಯೂಟ್ಯೂಬ್ ತನ್ನ ವಿಡಿಯೊಗಳನ್ನು ಎಚ್.264ಕ್ಕೂ ಬದಲಿಸತೊಡಗಿತು. ಕ್ರಮೇಣ ತಾಣದಿಂದಲೇ ಎಂಪಿ4 ಸಿಗತೊಡಗಿದ್ದರಿಂದ ಕನ್ವರ್ಟ್ ಮಾಡುವ ಅಗತ್ಯ ಬಹುಪಾಲು ಕರಗಿಹೋಯಿತು. ವಿಚಿತ್ರವೆಂದರೆ, ಯಂತ್ರದ ಅಡ್ಡಿ ಸರಿದ ಕಾಲದಲ್ಲೇ ಇನ್ನೊಂದು ಬದಿಯಿಂದ ಅಡ್ಡಿಗಳು ಎದ್ದವು. ಚಿತ್ರ ಮತ್ತು ಧ್ವನಿ ಎರಡು ಪ್ರತ್ಯೇಕ ಹರಿವುಗಳಾಗಿ ಬರತೊಡಗಿದವು. ಕೆಲವು ವಿಡಿಯೊಗಳ ವಿಳಾಸಗಳು ಗೂಢಲಿಪಿಯ ಹಿಂದೆ ಸರಿದವು. ಮೊದಲನೆಯದು ಸಾಗಣೆಯ ಅನುಕೂಲಕ್ಕಾಗಿ ಆದದ್ದೆಂದು ಒಪ್ಪಬೇಕು. ಎರಡನೆಯದನ್ನು ಬೀಗವೆನ್ನಬೇಕೇ, ಬರಿಯ ಚಿಲಕವೆನ್ನಬೇಕೇ ಎಂಬ ಜಗಳ 2020ರ ಅಕ್ಟೋಬರ್‌ನಲ್ಲಿ ಬಹಿರಂಗವಾಯಿತು: ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘವು 1998ರ ಕಾಯ್ದೆಯನ್ನು ಮುಂದಿಟ್ಟು ನೋಟಿಸ್ ಕಳುಹಿಸಿದ್ದರಿಂದ ವಿಡಿಯೊ ಇಳಿಸಿಕೊಳ್ಳುವ ಯೂಟ್ಯೂಬ್-ಡಿಎಲ್ ಎಂಬ ತಂತ್ರಾಂಶವನ್ನು, ತಂತ್ರಾಂಶಗಳನ್ನು ಇರಿಸಿ ಹಂಚುವ ತಾಣವಾದ ಗಿಟ್‌ಹಬ್ ತೆಗೆದುಹಾಕಿತು; ನವೆಂಬರ್ 16ರಂದು, ಅದು ಬೀಗ ಮುರಿಯುವುದಿಲ್ಲವೆಂಬ ವಾದವನ್ನು ಒಪ್ಪಿ, ಮರಳಿ ಇರಿಸಿತು.

ಇಷ್ಟರಲ್ಲಿ ತಾಣಗಳೇ ‘ಡೌನ್‌ಲೋಡ್’ ಗುಂಡಿಯನ್ನು ಕೊಡತೊಡಗಿದ್ದವು. ಆ ಪದದ ಅರ್ಥ ಮಾತ್ರ ಹಳೆಯದಲ್ಲ. ಹಾಗೆ ಉಳಿಸಿದ ವಿಡಿಯೊ ಆ ಆ್ಯಪ್‌ನ ಒಳಗಷ್ಟೇ ತೆರೆಯುತ್ತದೆ, ಚಂದಾ ನಿಂತರೆ ಅದೂ ನಿಲ್ಲುತ್ತದೆ, ಚಂದಾ ಇದ್ದರೂ ಆಗಾಗ ಅಂತರ್ಜಾಲಕ್ಕೆ ತಲೆ ತೋರಿಸಿ ಬರಬೇಕಾಗುತ್ತದೆ. ವಿಡಿಯೊ ತಯಾರಿಸಿದವರಿಗೆ ವರಮಾನ ಸಲ್ಲಬೇಕೆಂಬುದು ನ್ಯಾಯವೇ. ಆದರೆ ಈ ಏರ್ಪಾಟಿನಲ್ಲಿ ಆ್ಯಪ್ ಇಲ್ಲದ ಬಿಡಿ ಪ್ಲೇಯರ್‌ಗೆ, ಹಣ ಕೊಟ್ಟವನ ಕೈಯಲ್ಲಿ ಅದು ಇದ್ದರೂ, ಜಾಗವೇ ಇಲ್ಲ.

2022ರ ಮೇ ತಿಂಗಳಲ್ಲಿ ಐಪಾಡ್ ಸಾಲಿನ ಕೊನೆಯ ಮಾದರಿಯನ್ನೂ ಆ್ಯಪಲ್ ನಿಲ್ಲಿಸಿತು. ಹಳೆಯ ಪ್ಲೇಯರ್ ಉಳಿಸಿಕೊಂಡವರಿಗೆ ಈಗ ನಿಶ್ಚಿಂತೆಯ ದಾರಿಯೆಂದರೆ ಹಕ್ಕುಸ್ವಾಮ್ಯದ ಅವಧಿ ತೀರಿದ ಅಥವಾ ಇತರರು ಹಂಚಿಕೊಳ್ಳಲೆಂದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟ ಚಿತ್ರಗಳು. ಇಂಟರ್ನೆಟ್ ಆರ್ಕೈವ್‌ನಲ್ಲಿ ಅಂಥವು ಎಂಪಿ4 ಆಗಿಯೇ ದೊರೆಯುತ್ತವೆ, ಮತ್ತು ಎಫ್‌ಎಫ್‌ಎಂಪೆಗ್‌ಗೆ 320×240, ಬೇಸ್‌ಲೈನ್ ಎಂಬ ಹಳೆಯ ಅಳತೆ ಇಂದಿಗೂ ಮರೆತಿಲ್ಲ.